ಬಡಾವಣೆಗೊಂದು ಪಾರ್ಕಿನ್ಸನ್ ಬಳಗ: ಹುಡುಕುವುದು, ಸೇರಿಸುವುದು, ನಡೆಸುವುದು ಹೇಗೆ

ಬೆಂಗಳೂರಿನಲ್ಲಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 1,02,557 ಜನರನ್ನು ಗಮನಿಸಿದ ನರರೋಗಗಳ ಸಮೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಾರ್ಕಿನ್ಸನ್ ಕಾಯಿಲೆಯ ಪ್ರಮಾಣ ಲಕ್ಷ ಜನರಿಗೆ ಸುಮಾರು 30ರ ಆಸುಪಾಸಿನಲ್ಲಿತ್ತು. ಅದಕ್ಕೂ ಮೊದಲು ಮುಂಬೈಯ ಪಾರ್ಸಿ ಸಮುದಾಯದಲ್ಲಿ ನಡೆದ ಸಮೀಕ್ಷೆ ಲಕ್ಷಕ್ಕೆ 328 ಎಂದು ಹೇಳಿತ್ತು. ಎರಡು ಊರುಗಳ ನಡುವೆ ಹತ್ತು ಪಟ್ಟು ಅಂತರ ಕಂಡರೆ ಗಾಬರಿಯಾಗಬೇಕಿಲ್ಲ, ಏಕೆಂದರೆ ಇದು ಮುಖ್ಯವಾಗಿ ಅರವತ್ತು ದಾಟಿದವರ ಕಾಯಿಲೆ, ಪಾರ್ಸಿಗಳಲ್ಲಿ ವಯಸ್ಸಾದವರ ಪಾಲು ಬಹಳ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದರು, ಮತ್ತು ಈ ಪ್ರಮಾಣ ಹಿಂದಿನ 25 ವರ್ಷಗಳಲ್ಲಿ ಇಮ್ಮಡಿಯಾಗಿತ್ತು.

ಈ ಅಂಕಿಗಳನ್ನು ನಿಮ್ಮ ಬಡಾವಣೆಗೆ ಇಳಿಸಿ ನೋಡಿ. ನಲವತ್ತು ಸಾವಿರ ಜನರಿರುವ ಒಂದು ವಾರ್ಡಿನಲ್ಲಿ, ಲಕ್ಷಕ್ಕೆ 30 ಎಂಬ ಹಳೆಯ ಲೆಕ್ಕ ಹಿಡಿದರೂ 12 ಮಂದಿ ಇರಬೇಕು. ಅರವತ್ತು ದಾಟಿದವರಲ್ಲಿ ನೂರಕ್ಕೆ ಒಬ್ಬರಿಗೆ ಬರುತ್ತದೆಂಬ, ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ ಹಿಡಿದರೆ, ಜನಸಂಖ್ಯೆಯ ಹತ್ತನೇ ಒಂದು ಪಾಲು ಹಿರಿಯರಿರುವ ಅದೇ ವಾರ್ಡಿನಲ್ಲಿ 40 ಮಂದಿ ಸಿಗಬೇಕು. ಮಕ್ಕಳು ದೂರದೇಶಕ್ಕೆ ಹೋಗಿ ತಂದೆ ತಾಯಿ ಇಬ್ಬರೇ ಉಳಿದಿರುವ ಮನೆಗಳು ಹೆಚ್ಚಿರುವ ಜಯನಗರ, ಬಸವನಗುಡಿ, ಮಲ್ಲೇಶ್ವರದಂಥ ಹಳೆಯ ಬಡಾವಣೆಗಳಲ್ಲಿ ಈ ಸಂಖ್ಯೆ ಇನ್ನೂ ಮೇಲಿದ್ದರೆ ನನಗೆ ಆಶ್ಚರ್ಯವಿಲ್ಲ. ಆದರೂ ಬೆಳಗಿನ ಹೊತ್ತು ಪಾರ್ಕಿನಲ್ಲಿ ಅಂಥ ಒಬ್ಬರೋ ಇಬ್ಬರೋ ಕಾಣುತ್ತಾರೆ, ಅಷ್ಟೆ. ಉಳಿದವರು ಮನೆಯೊಳಗಿದ್ದಾರೆ. ಮದುವೆಮನೆಯ ಪಂಕ್ತಿಯಲ್ಲಿ ಕೈ ನಡುಗಿ ಸಾರು ಚೆಲ್ಲಿದ ದಿನದಿಂದ ಅವರು ಹೊರಗೆ ಬರುವುದನ್ನು ಬಿಟ್ಟಿದ್ದಾರೆ.

ಅವರನ್ನು ತಿಂಗಳಿಗೊಮ್ಮೆ ಒಂದೆಡೆ ಸೇರಿಸುವುದು ಹೇಗೆಂಬುದೇ ಈ ಮಾರ್ಗದರ್ಶಿಯ ವಿಷಯ. ಆಸ್ಪತ್ರೆಗಳಲ್ಲಿ ಇದಕ್ಕೆ ‘ಸಪೋರ್ಟ್ ಗ್ರೂಪ್’ ಎನ್ನುತ್ತಾರೆ, ನಾನು ಬಳಗ ಎನ್ನುತ್ತೇನೆ. ಅಮ್ಮನ ಕಾಯಿಲೆಯ ಕಾರಣದಿಂದ ನಾನು ಕಲಿತ ಪಾಠಗಳಲ್ಲಿ ಒಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಬಳಗ ನಡೆಯಬೇಕಾದದ್ದು ಗೋಡೆಯ ಗಡಿಯಾರದಂತೆ ಅಲ್ಲ, ಮಾತ್ರೆಯ ಗಡಿಯಾರದಂತೆ.

ಮೊದಲ ಹೆಜ್ಜೆ: ಕಾಯಿಲೆಯನ್ನು ಸರಿಯಾಗಿ ತಿಳಿದುಕೊಳ್ಳುವುದು

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಮಂದಿಯ ಲಕ್ಷಣಗಳನ್ನು ವಿವರಿಸಿ ಈ ಕಾಯಿಲೆಯ ಬಗ್ಗೆ ಬರೆದನು. ಆಯುರ್ವೇದದ ಗ್ರಂಥಗಳಲ್ಲಿ ಬರುವ ಕಂಪವಾತದ ವರ್ಣನೆ ಇದಕ್ಕೆ ಬಹಳ ಹತ್ತಿರವಾಗಿದೆ. ಮಿದುಳಿನ ಒಳಭಾಗದಲ್ಲಿ, ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ನಿಧಾನವಾಗಿ ನಶಿಸುವುದರಿಂದ ಚಲನೆ ಮಂದವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಹಲವರಿಗೆ ಕೈ ನಡುಗುತ್ತದೆ. ‘ಹಲವರಿಗೆ’ ಎಂದೆ, ಎಲ್ಲರಿಗೂ ಅಲ್ಲ. ನಡುಕವೇ ಇಲ್ಲದ ಪಾರ್ಕಿನ್ಸನ್ ಸಾಕಷ್ಟಿದೆ, ಮತ್ತು ಅಂಥವರನ್ನು ಮನೆಯವರು ವರ್ಷಗಟ್ಟಲೆ ‘ವಯಸ್ಸಾಯಿತು, ಸೋಮಾರಿಯಾದರು’ ಎಂದುಕೊಂಡಿರುತ್ತಾರೆ.

ನಡುಕದಲ್ಲೂ ವ್ಯತ್ಯಾಸವಿದೆ. ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ ನಡುಗಿ, ಲೋಟ ಹಿಡಿಯಲು ಚಾಚಿದಾಗ ನಡುಕ ಕಡಿಮೆಯಾದರೆ ಅದು ಪಾರ್ಕಿನ್ಸನ್ನಿನ ಲಕ್ಷಣವಿರಬಹುದು. ಸುಮ್ಮನಿದ್ದಾಗ ಸ್ಥಿರವಾಗಿದ್ದು ಕಾಫಿ ಲೋಟ ಎತ್ತಿದಾಗ ಮಾತ್ರ ನಡುಗಿದರೆ ಅದು ಬೇರೆಯೇ ತೊಂದರೆ ಆಗಿರುವುದುಂಟು. ನಡುಕಕ್ಕಿಂತ ವರ್ಷಗಳ ಮೊದಲೇ ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕನಸಿನ ಜಗಳಕ್ಕೆ ತಕ್ಕಂತೆ ಕೈಕಾಲು ಬಡಿಯುವುದು ಶುರುವಾಗಿರಬಹುದು. ಒಗ್ಗರಣೆಯ ಇಂಗಿನ ವಾಸನೆ ಅಮ್ಮನಿಗೆ ಬರುತ್ತಿಲ್ಲವೆಂಬುದನ್ನು ನಾವು ಒಂದು ತಮಾಷೆಯಾಗಿ ಕಂಡಿದ್ದೆವು. ಅಕ್ಷರ ಸಾಲಿನ ಕೊನೆಗೆ ಹೋಗುತ್ತ ಸಣ್ಣದಾಗುವುದು, ನಡೆಯುವಾಗ ಒಂದು ತೋಳು ಬೀಸದಿರುವುದು, ಮುಖದ ಭಾವ ಕಳೆಗುಂದುವುದು ಇವೂ ಗಮನಿಸಬೇಕಾದವು.

ಇಷ್ಟನ್ನು ತಿಳಿದುಕೊಂಡ ಮಾತ್ರಕ್ಕೆ ನೆರೆಮನೆಯವರಿಗೆ ನೀವೇ ಕಾಯಿಲೆಯ ಹೆಸರಿಟ್ಟುಬಿಡಬೇಡಿ. ತಲೆಸುತ್ತಿಗೆ ತಿಂಗಳುಗಟ್ಟಲೆ ಸಿನ್ನರಿಜಿನ್ ಅಥವಾ ಫ್ಲುನರಿಜಿನ್ ಮಾತ್ರೆ ನುಂಗಿದ ಹಿರಿಯರಿಗೆ ಆ ಮಾತ್ರೆಯಿಂದಲೇ ಪಾರ್ಕಿನ್ಸನ್ನಿನಂಥ ಲಕ್ಷಣಗಳು ಬರಬಹುದು. ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಿಗಳಿಂದಲೂ ಹಾಗೆ ಆಗುತ್ತದೆ. ಅಂಥವು ವೈದ್ಯರ ಸಲಹೆಯಂತೆ ಔಷಧಿ ನಿಂತ ಮೇಲೆ ಬಹುಪಾಲು ಇಳಿಯುತ್ತವೆ. ಆದ್ದರಿಂದ ಅನುಮಾನ ಬಂದವರು ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯೊಂದಿಗೆ ಮೊದಲು ನರರೋಗ ತಜ್ಞರನ್ನು ಕಾಣಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಚಲನೆಯ ತೊಂದರೆಗಳನ್ನೇ ನೋಡುವ ತಜ್ಞರಿದ್ದಾರೆ. ಅಲ್ಲಿಗೆ ಹೋಗುವ ದಿನ ಕಾಯುವುದು ಇದ್ದೇ ಇರುತ್ತದೆ, ಹಾಗಾಗಿ ಮಾತ್ರೆ, ನೀರು, ತಿಂಡಿ ಮೂರೂ ಚೀಲದಲ್ಲಿರಲಿ.

ಎರಡನೆಯ ಹೆಜ್ಜೆ: ಮನೆಗಳನ್ನು ಹುಡುಕುವುದು

ಇದಕ್ಕೆ ಮೂರು ನಾಲ್ಕು ಕುಟುಂಬಗಳು ಸಾಕು. ಹತ್ತು ಸೇರಲಿ ಎಂದು ಕಾದರೆ ಬಳಗ ಶುರುವಾಗುವುದೇ ಇಲ್ಲ.

ಬಡಾವಣೆಯ ಮೆಡಿಕಲ್ ಸ್ಟೋರ್‌ನವರಿಗೆ, ಈ ಕಾಯಿಲೆಗೆ ಮುಖ್ಯವಾಗಿ ಕೊಡುವ ಲೆವೊಡೋಪ ಮಾತ್ರೆ ಪ್ರತಿ ತಿಂಗಳು ಯಾರ ಮನೆಗೆ ಹೋಗುತ್ತದೆಂಬುದು ಗೊತ್ತಿರುತ್ತದೆ. ಆದರೆ ಹೆಸರು ಕೇಳಬೇಡಿ. ಹೇಳುವುದು ಅವರಿಗೂ ತಪ್ಪು, ಕೇಳುವುದು ನಮಗೂ ತಪ್ಪು. ನಿಮ್ಮ ಫೋನ್ ಸಂಖ್ಯೆಯಿರುವ ಸಣ್ಣ ಚೀಟಿಗಳನ್ನು ಕೊಟ್ಟು, ಮಾತ್ರೆಯ ಪೊಟ್ಟಣದೊಂದಿಗೆ ಹಾಕಿಕೊಡುವಂತೆ ವಿನಂತಿಸಿಕೊಳ್ಳಿ. ಬೇಕೆನಿಸಿದವರು ತಾವೇ ಕರೆ ಮಾಡುತ್ತಾರೆ. ಮನೆಗೆ ಬಂದು ಫಿಸಿಯೋಥೆರಪಿ ಮಾಡಿಸುವವರು, ಬೀದಿಯ ಕುಟುಂಬ ವೈದ್ಯರು, ಹಿರಿಯ ನಾಗರಿಕರ ವೇದಿಕೆ, ಅಪಾರ್ಟ್‌ಮೆಂಟ್ ಸಂಘ, ದೇವಸ್ಥಾನದ ಸೂಚನಾ ಫಲಕ ಇವೆಲ್ಲವೂ ದಾರಿಗಳೇ. ಚೀಟಿಯಲ್ಲಿ ‘ರೋಗಿಗಳ ಸಭೆ’ ಎಂದು ಬರೆಯಬೇಡಿ. ‘ಪಾರ್ಕಿನ್ಸನ್ ಇರುವವರು ಮತ್ತು ಮನೆಯವರು ಕೂತು ಮಾತಾಡುವ ಬಳಗ’ ಎಂದರೆ ಬರುವವರ ಸಂಖ್ಯೆ ಹೆಚ್ಚುತ್ತದೆ. ‘ಮನೆಯವರು’ ಎಂಬ ಪದ ಅದರಲ್ಲಿ ಇರಲೇಬೇಕು, ಏಕೆಂದರೆ ಮೊದಲು ಕರೆ ಮಾಡುವವರು ಸಾಮಾನ್ಯವಾಗಿ ಹೆಂಡತಿಯೋ ಮಗಳೋ ಸೊಸೆಯೋ ಆಗಿರುತ್ತಾರೆ.

ಮೊದಲ ಕರೆಯಲ್ಲಿ ಏನು ಕೇಳಬೇಕು? ಕಾಯಿಲೆ ಎಷ್ಟು ವರ್ಷದ್ದು, ಮೆಟ್ಟಿಲು ಹತ್ತಬಲ್ಲರೇ, ನುಂಗುವಾಗ ಕೆಮ್ಮು ಬರುತ್ತದೆಯೇ, ಜೊತೆಗೆ ಯಾರು ಬರುತ್ತಾರೆ, ಮಾತ್ರೆಯ ಸಮಯಗಳು ಯಾವುವು, ಈ ಐದು ಸಾಕು. ಕೊನೆಯದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಮೂರನೆಯ ಹೆಜ್ಜೆ: ಹೊತ್ತು ಮತ್ತು ಜಾಗ

ನುಂಗಿದ ಲೆವೊಡೋಪ ಕೆಲಸ ಆರಂಭಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ. ಕಾಯಿಲೆ ಹಳತಾದಂತೆ ಒಂದು ಮಾತ್ರೆಯ ಫಲ ಮೂರು ನಾಲ್ಕು ಗಂಟೆಗೆ ಇಳಿಯುತ್ತದೆ. ಫಲ ಇರುವ ಹೊತ್ತನ್ನು ‘ಆನ್’ ಎಂದೂ ಇಳಿದ ಹೊತ್ತನ್ನು ‘ಆಫ್’ ಎಂದೂ ರೋಗಿಗಳೇ ಹೇಳುತ್ತಾರೆ. ಆನ್ ಹೊತ್ತಿನಲ್ಲಿ ತಾನೇ ಎದ್ದು ಬಾಗಿಲು ತೆರೆದು ನಿಮ್ಮನ್ನು ಮಾತಾಡಿಸಿದ ವ್ಯಕ್ತಿಯೇ ಎರಡು ಗಂಟೆಯ ನಂತರ ಮಗ್ಗುಲು ಬದಲಿಸಲಾರದೆ ಮಲಗಿರಬಹುದು. ಇದನ್ನರಿಯದ ನೆಂಟರು ‘ಆಗ ಚೆನ್ನಾಗಿಯೇ ಇದ್ದರಲ್ಲ, ನಾಟಕ’ ಎನ್ನುತ್ತಾರೆ.

ನಿಮ್ಮ ಕಾಗದದಲ್ಲಿರುವ ಸಮಯಗಳನ್ನು ಒಂದರ ಕೆಳಗೊಂದು ಬರೆಯಿರಿ. ಒಬ್ಬರಿಗೆ 7, 11, 3, 7 ಗಂಟೆ, ಇನ್ನೊಬ್ಬರಿಗೆ 6, 10, 2, 6 ಎಂದಿಟ್ಟುಕೊಳ್ಳಿ. ಪ್ರತಿ ಮಾತ್ರೆಯ ಮುಂದೆ ಒಂದು ಗಂಟೆ ಬಿಟ್ಟು ಎರಡು ಗಂಟೆಯ ಗೆರೆ ಎಳೆಯಿರಿ. ಹೆಚ್ಚು ಜನರ ಗೆರೆಗಳು ಒಂದರ ಕೆಳಗೊಂದು ಬರುವ ಹೊತ್ತು ನಿಮ್ಮ ಬಳಗದ ಹೊತ್ತು. ಈ ಉದಾಹರಣೆಯಲ್ಲಿ ಅಂಥ ಹೊತ್ತುಗಳಲ್ಲಿ ಒಂದು ಮಧ್ಯಾಹ್ನ 12ರಿಂದ 1. ಸಭೆಯೆಂದರೆ ಭಾನುವಾರ ಸಂಜೆ ಐದಕ್ಕೆ ಎಂಬ ಅಭ್ಯಾಸ ನಮ್ಮಲ್ಲಿದೆ. ನಾವೂ ಮೊದಲೆರಡು ಬಾರಿ ಹಾಗೇ ಮಾಡಿ, ಅರ್ಧ ಜನ ಕುರ್ಚಿಯಿಂದ ಏಳಲಾಗದೆ ಆರು ಗಂಟೆಯ ಮಾತ್ರೆಗಾಗಿ ಕಾದು ಕೂತದ್ದನ್ನು ಕಂಡು ಬದಲಿಸಿದೆವು.

ಜಾಗ ನೆಲಮಹಡಿಯಲ್ಲಿರಲಿ. ಆಟೊ ಬಾಗಿಲವರೆಗೂ ಬರುವಂತಿರಲಿ, ಏಕೆಂದರೆ ನಮ್ಮ ಫುಟ್‌ಪಾತಿನ ಎದ್ದ ಚಪ್ಪಡಿಗಳ ಮೇಲೆ ಐವತ್ತು ಹೆಜ್ಜೆ ನಡೆಸುವುದು ಕೂಡ ಅಪಾಯ. ಕಮೋಡ್ ಇರುವ ಶೌಚಾಲಯವಿಲ್ಲದ ಜಾಗವನ್ನು, ಉಚಿತವಾಗಿ ಸಿಕ್ಕರೂ, ಒಪ್ಪಿಕೊಳ್ಳಬೇಡಿ. ಕುರ್ಚಿಗಳಿಗೆ ಕೈಗಳಿರಬೇಕು, ತೂಕವಿರಬೇಕು. ಶಾಮಿಯಾನದವರು ತರುವ ಹಗುರ ಪ್ಲಾಸ್ಟಿಕ್ ಕುರ್ಚಿ, ಕೈ ಊರಿ ಏಳುವಾಗ ಮಗುಚಿಕೊಳ್ಳುತ್ತದೆ. ಜಮಖಾನೆ, ಕಾಲೊರಸು ತೆಗೆದಿಡಿ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬೀಳದಂತೆ ಒಬ್ಬರು ನೋಡಿಕೊಳ್ಳಲಿ.

ತಿಂಡಿಯ ವಿಷಯದಲ್ಲಿ ನಮ್ಮ ಸಂಪ್ರದಾಯ ಸ್ವಲ್ಪ ಅಡ್ಡ ಬರುತ್ತದೆ. ಪ್ರೋಟೀನು ಮತ್ತು ಲೆವೊಡೋಪ ದೇಹದೊಳಗೆ ಒಂದೇ ದಾರಿಗಾಗಿ ಪೈಪೋಟಿ ನಡೆಸುತ್ತವೆ. ಆದ್ದರಿಂದ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಲು ಹೇಳುತ್ತಾರೆ. ಕಾಯಿಲೆ ಮುಂದುವರಿದ ಕೆಲವರಲ್ಲಿ ಬೇಳೆ, ಕಾಳು, ಮೊಸರು ಹೆಚ್ಚಾದ ಊಟದಿಂದ ಮಾತ್ರೆಯ ಫಲವೇ ಕುಗ್ಗುತ್ತದೆ. ಹೆಸರುಬೇಳೆ ಕೋಸಂಬರಿ ಮತ್ತು ಮಜ್ಜಿಗೆ ನಮ್ಮ ಪ್ರತಿ ಕೂಟದ ಉಪಚಾರವಾದರೂ, ಈ ಕೂಟದ ಆರಂಭದಲ್ಲಿ ಅದು ಬೇಡ. ಬಾಳೆಹಣ್ಣು, ಪಪ್ಪಾಯಿ, ಒಗ್ಗರಣೆ ಅವಲಕ್ಕಿಯನ್ನು ಕೊನೆಯಲ್ಲಿ ಕೊಡಿ. ಕಾಫಿಯನ್ನು ಸ್ಟೀಲ್ ಲೋಟದ ಬದಲು ಹಿಡಿಯಿರುವ ದೊಡ್ಡ ಕಪ್ಪಿನಲ್ಲಿ ಅರ್ಧಕ್ಕೆ ಮಾತ್ರ ಕೊಡಿ. ಎಲ್ಲರಿಗೂ ಹಾಗೆಯೇ ಕೊಡಿ, ನಡುಗದವರಿಗೂ.

ನಾಲ್ಕನೆಯ ಹೆಜ್ಜೆ: ಆ ಒಂದು ಗಂಟೆಯಲ್ಲಿ ಏನು ಮಾಡುವುದು

ಮೊದಲ ಸಭೆಗೆ ವೈದ್ಯರ ಉಪನ್ಯಾಸ ಇಡಬೇಡಿ. ಉಪನ್ಯಾಸವಿದ್ದರೆ ಎಲ್ಲರೂ ಕೇಳುಗರಾಗುತ್ತಾರೆ, ಒಬ್ಬರೂ ಬಾಯಿ ಬಿಡುವುದಿಲ್ಲ. ಸುತ್ತಲೂ ಕೂತು ಹೆಸರು, ಊರು, ಮಾಡುತ್ತಿದ್ದ ಕೆಲಸ ಹೇಳಿಕೊಳ್ಳಲಿ. ಪಾರ್ಕಿನ್ಸನ್ ಇರುವವರ ದನಿ ತಗ್ಗಿರುತ್ತದೆ, ಮಾತು ತಡವಾಗಿ ಬರುತ್ತದೆ. ವಾಕ್ಯ ಅರ್ಧಕ್ಕೆ ನಿಂತಾಗ ಪಕ್ಕದಲ್ಲಿರುವ ಹೆಂಡತಿಯೋ ಮಗನೋ ಅದನ್ನು ಪೂರ್ತಿ ಮಾಡಲು ಮುಂದಾಗುತ್ತಾರೆ. ಅದನ್ನು ನಯವಾಗಿ ತಡೆಯುವುದು ನಡೆಸುವವರ ಮೊದಲ ಕೆಲಸ.

ಎರಡನೆಯ ಸಭೆಯಿಂದ ಅಂಗಸಾಧನೆ ಸೇರಿಸಬಹುದು. ಒಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆದು ಯಾರಿಗೆ ಯಾವುದು ಬೇಡವೆಂದು ಕೇಳಿಕೊಂಡರೆ ನಂತರ ನೀವೇ ನಡೆಸಬಹುದು. ಕುರ್ಚಿಯಲ್ಲಿ ಕೂತೇ ದೊಡ್ಡದಾಗಿ ತೋಳು ಚಾಚುವುದು, ಎಡಬಲಕ್ಕೆ ಮೈ ತಿರುಗಿಸುವುದು, ಕೈ ಊರದೆ ಎದ್ದು ಕೂರುವುದು ಇವುಗಳಿಂದ ಆರಂಭಿಸಿ. ಈ ಕಾಯಿಲೆ ಎಲ್ಲ ಚಲನೆಯನ್ನೂ ಕಿರಿದಾಗಿಸುತ್ತದೆ, ಹಾಗಾಗಿ ‘ಇನ್ನೂ ದೊಡ್ಡದಾಗಿ’ ಎಂದು ಹೇಳುತ್ತಲೇ ಇರಬೇಕಾಗುತ್ತದೆ. ದನಿಗೂ ಇದೇ ಮಾತು ಸಲ್ಲುತ್ತದೆ. ಮೆಲ್ಲಗೆ ಮಾತಾಡುವವರಿಗೆ ತಾವು ಸರಿಯಾಗಿಯೇ ಮಾತಾಡುತ್ತಿದ್ದೇವೆ ಎನಿಸುತ್ತಿರುತ್ತದೆ. ದಿನಪತ್ರಿಕೆಯ ಶೀರ್ಷಿಕೆಗಳನ್ನು ಎದುರು ಗೋಡೆಯವರಿಗೆ ಕೇಳುವಂತೆ ಓದಿಸಿ. ದಾಸರ ಪದವೊಂದನ್ನು ತಾಳ ತಟ್ಟುತ್ತ ಎಲ್ಲರೂ ಹಾಡಿದರೆ ಉಸಿರು, ದನಿ, ಕೈ ಮೂರಕ್ಕೂ ಕೆಲಸವಾಗುತ್ತದೆ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಗೆರೆ ಮುಟ್ಟುವಂತೆ ಅಕ್ಷರ ಬರೆಯುವುದನ್ನು ಮನೆಪಾಠವಾಗಿ ಕೊಡಿ. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲವೆಂದು ಬೇಸರಗೊಂಡವರು ಇದನ್ನು ತುಂಬ ಶ್ರದ್ಧೆಯಿಂದ ಮಾಡುತ್ತಾರೆ.

ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುವ ತೊಂದರೆಗೆ ಹೆಚ್ಚು ಸಮಯ ಮೀಸಲಿಡಿ, ಏಕೆಂದರೆ ಬಹಳಷ್ಟು ಬೀಳುವಿಕೆಗಳಿಗೆ ಇದೇ ಕಾರಣ. ಬಾಗಿಲ ಹೊಸ್ತಿಲು, ಲಿಫ್ಟ್, ಮೆಟ್ರೊ ನಿಲ್ದಾಣದ ಗೇಟು, ಇಕ್ಕಟ್ಟಾದ ಬಚ್ಚಲು, ತಿರುಗಬೇಕಾದ ಮೂಲೆ, ಇಂಥಲ್ಲಿ ಅದು ಆಗುತ್ತದೆ. ಆಗ ಕೈ ಹಿಡಿದು ಎಳೆಯಲೇಬಾರದು. ಎಳೆದರೆ ಮೈ ಮುಂದಕ್ಕೆ ಬರುತ್ತದೆ, ಪಾದ ಅಲ್ಲೇ ಉಳಿಯುತ್ತದೆ. ನಿಲ್ಲಲು ಹೇಳಿ, ಒಂದು ಉಸಿರು ಬಿಡಲಿ, ತೂಕವನ್ನು ಎಡಕ್ಕೆ ಬಲಕ್ಕೆ ಒಮ್ಮೆ ವಾಲಿಸಲಿ, ನಂತರ ‘ಒಂದು, ಎರಡು, ಮೂರು’ ಎಂದು ಎಣಿಸಿ ದೊಡ್ಡ ಹೆಜ್ಜೆ ಇಡಲಿ. ನೆಲದ ಮೇಲೆ ಗೆರೆಯಿದ್ದರೆ ಅದನ್ನು ದಾಟುವಂತೆ ಹೇಳಿದಾಗ ಕಾಲು ತಾನೇ ಎದ್ದೀತು. ಸಭೆಯಲ್ಲಿ ಸೀಮೆಸುಣ್ಣದಿಂದ ಒಂದೊಂದು ಹೆಜ್ಜೆಯ ಅಂತರದಲ್ಲಿ ಗೆರೆ ಎಳೆದು ಅಭ್ಯಾಸ ಮಾಡಿಸಿ, ಮನೆಯ ಬಚ್ಚಲ ಬಾಗಿಲಲ್ಲಿ ಬಣ್ಣದ ಟೇಪು ಅಂಟಿಸಲು ಹೇಳಿ. ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗದೆ, ಬಸ್ಸು ತಿರುಗುವಂತೆ ಅರ್ಧಚಂದ್ರಾಕಾರದಲ್ಲಿ ನಡೆದು ತಿರುಗಬೇಕು. ಆದಿತಾಳದ ಎಂಟು ಪೆಟ್ಟಿಗೆ ಹೆಜ್ಜೆ ಹಾಕುವುದು ನಮ್ಮ ಬಳಗದ ಅಚ್ಚುಮೆಚ್ಚಿನ ಭಾಗ. ಲಯಕ್ಕೆ ಕಾಲು ಬಿಡಿಸಿಕೊಳ್ಳುವುದುಂಟು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡ 2001ರಲ್ಲಿ ಪಾರ್ಕಿನ್ಸನ್ ಇರುವವರಿಗಾಗಿ ನೃತ್ಯದ ತರಗತಿ ಆರಂಭಿಸಿತು.

ಕೊನೆಯ ಇಪ್ಪತ್ತು ನಿಮಿಷ ಮನೆಯವರನ್ನು ಬೇರೆ ಕೋಣೆಯಲ್ಲಿ ಕೂರಿಸಿ. ರಾತ್ರಿ ನಾಲ್ಕು ಬಾರಿ ಎದ್ದು ಮಗ್ಗುಲು ಬದಲಿಸಿ ಮಲಗಿಸುವವರು ಅದನ್ನು ಗಂಡನ ಎದುರು ಹೇಳಿಕೊಳ್ಳುವುದಿಲ್ಲ. ಅವರಿಗೆ ಬೇಕಾದದ್ದು ಉಪದೇಶಕ್ಕಿಂತ ಹೆಚ್ಚಾಗಿ ಬಿಡುವು. ಬಳಗದ ಇಬ್ಬರು ಸರದಿಯಂತೆ ವಾರಕ್ಕೆ ಎರಡು ಗಂಟೆ ಒಂದು ಮನೆಯಲ್ಲಿ ಕೂತರೆ ಆ ಮನೆಯಾಕೆ ಬ್ಯಾಂಕಿಗೋ ಗಾಂಧಿಬಜಾರಿಗೋ ಹೋಗಿಬರಬಹುದು. ನಿದ್ದೆಯಿಲ್ಲದೆ, ಖಿನ್ನತೆಯಿಂದ ಕುಸಿಯುತ್ತಿರುವವರಿಗೆ 14416 ಎಂಬ ಟೆಲಿ ಮಾನಸ್ ಸಹಾಯವಾಣಿಯನ್ನು ಬರೆದುಕೊಡಿ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಹಿರಿಯರ ಇತರ ತೊಂದರೆಗಳಿಗೆ ಸಹಾಯವಾಣಿ 14567.

ಐದನೆಯ ಹೆಜ್ಜೆ: ಔಷಧಿಯ ಮಾತಿಗೆ ಕಟ್ಟುಪಾಡು

ಯಾವ ಬಳಗದಲ್ಲೂ ಮಾತು ಮಾತ್ರೆಯತ್ತ ಹೊರಳುತ್ತದೆ. ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ, ಆದರೆ ಕೆಲವು ಕಟ್ಟುಪಾಡುಗಳನ್ನು ಮೊದಲ ದಿನವೇ ಹೇಳಿ. ಒಬ್ಬರ ಮಾತ್ರೆಯ ಪ್ರಮಾಣವನ್ನು ನೋಡಿ ಇನ್ನೊಬ್ಬರು ಬದಲಿಸಿಕೊಳ್ಳಬಾರದು. ಪ್ರವಾಸಕ್ಕೋ ಉಪವಾಸಕ್ಕೋ ಲೆವೊಡೋಪವನ್ನು ಏಕಾಏಕಿ ನಿಲ್ಲಿಸಬಾರದು, ಹಾಗೆ ನಿಲ್ಲಿಸಿದರೆ ತೀವ್ರ ಜ್ವರ ಮತ್ತು ಮೈ ಸೆಟೆತದಿಂದ ಜೀವಕ್ಕೇ ಅಪಾಯವಾಗಬಹುದು. ಬೇರೆ ಕಾರಣಕ್ಕೆ ಆಸ್ಪತ್ರೆಗೆ ಸೇರಿದಾಗ ತೋರಿಸಲು, ಮಾತ್ರೆಗಳ ಹೆಸರು, ಪ್ರಮಾಣ, ನಿಖರವಾದ ಸಮಯ ಬರೆದ ಹಾಳೆ ಪ್ರತಿಯೊಬ್ಬರ ಪರ್ಸಿನಲ್ಲಿರಲಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಮತ್ತು ಪ್ರೊಕ್ಲೊರ್‌ಪೆರಜಿನ್, ಗೊಂದಲಕ್ಕೆ ಕೊಡುವ ಹ್ಯಾಲೊಪೆರಿಡಾಲ್ ಇವು ಪಾರ್ಕಿನ್ಸನ್ ಲಕ್ಷಣಗಳನ್ನು ಕೆಡಿಸುತ್ತವೆ ಎಂಬ ಸಾಲು ಅದೇ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿರಲಿ.

ಹೇಳಲು ನಾಚುವ ಒಂದು ಸಂಗತಿ ಇದೆ. ಪಾರ್ಕಿನ್ಸನ್ನಿಗೇ ಕೊಡುವ ಪ್ರಮಿಪೆಕ್ಸೋಲ್, ರೊಪಿನಿರೋಲ್ ಜಾತಿಯ ಮಾತ್ರೆಗಳಿಂದ ಕೆಲವರಲ್ಲಿ ಜೂಜು, ಮಿತಿಮೀರಿದ ಖರೀದಿ, ಲೈಂಗಿಕ ಹಂಬಲ ಹೆಚ್ಚಾಗಬಹುದು. ನಿವೃತ್ತ ಶಿಸ್ತಿನ ಮನುಷ್ಯನೊಬ್ಬ ಇದ್ದಕ್ಕಿದ್ದಂತೆ ಮೊಬೈಲಿನಲ್ಲಿ ಹಣ ಕಟ್ಟಿ ಇಸ್ಪೀಟಾಡಲು ತೊಡಗಿದರೆ ಮನೆಯವರು ಅದನ್ನು ಮುಚ್ಚಿಡುತ್ತಾರೆ. ಅದು ಗುಣದೋಷವಲ್ಲ, ಔಷಧಿಯ ಅಡ್ಡಪರಿಣಾಮವಿರಬಹುದು, ವೈದ್ಯರಿಗೆ ಹೇಳಿದರೆ ಮಾತ್ರೆ ಬದಲಿಸುತ್ತಾರೆ ಎಂದು ಬಳಗದಲ್ಲಿ ಸಾಮಾನ್ಯ ಮಾತಾಗಿ ಒಮ್ಮೆ ಹೇಳಿಬಿಡಿ.

ನಸುಗುನ್ನಿ ಬೀಜದ ಪುಡಿಯ ಪ್ರಶ್ನೆ ಬಂದೇ ಬರುತ್ತದೆ. ಅದರಲ್ಲಿ ಲೆವೊಡೋಪ ಇದೆಯೆಂಬುದನ್ನು ಭಾರತದ ವಿಜ್ಞಾನಿಗಳು 1937ರಲ್ಲೇ ತೋರಿಸಿದ್ದಾರೆ. ಇದೆ ಎಂಬುದೇ ಎಚ್ಚರಿಕೆಗೆ ಕಾರಣ. ಪುಡಿಯಿಂದ ಪುಡಿಗೆ ಪ್ರಮಾಣ ಬದಲಾಗುವುದರಿಂದ, ಮಾತ್ರೆಯ ಜೊತೆ ಅದನ್ನೂ ತಿಂದರೆ ಡೋಸ್ ಲೆಕ್ಕ ತಪ್ಪಿ ಮೈಕೈ ತಾನಾಗಿ ಹೊರಳಾಡುವುದು, ಭ್ರಮೆ ಉಂಟಾಗುವುದು ಸಾಧ್ಯ. ಇನ್ನು ವಿದೇಶದ ಲೇಖನಗಳಲ್ಲಿ ಲೆವೊಡೋಪ ಇರುವ ಕಾಳಿನ ಬಗ್ಗೆ ಓದಿ, ಚಳಿಗಾಲದಲ್ಲಿ ಕಿಲೋಗಟ್ಟಲೆ ಸೊಗಡಿನ ಅವರೆ ತರುವವರಿದ್ದಾರೆ. ಆ ಲೇಖನಗಳ ಕಾಳು ಫಾವಾ ಎಂಬ ಬೇರೆ ಜಾತಿಯದು. ನಮ್ಮ ಅವರೆಯನ್ನು ಹಿತಕವರೆ ಸಾರಿಗಾಗಿ ತಿನ್ನಿ, ಔಷಧಿಯೆಂದು ಬೇಡ.

ಆರನೆಯ ಹೆಜ್ಜೆ: ಕಾಗದಪತ್ರ ಮತ್ತು ಹೊರಗಿನ ನೆರವು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಸೇರಿದೆ. ಅನೇಕರಿಗೆ ಇದು ತಿಳಿದೇ ಇಲ್ಲ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ನಿಗದಿಪಡಿಸಿದ ಆಸ್ಪತ್ರೆಯಲ್ಲಿ ವೈದ್ಯಕೀಯ ಪರೀಕ್ಷೆಗೆ ಹೋಗಬೇಕು. ಬಹುತೇಕ ಸೌಲಭ್ಯಗಳಿಗೆ ಶೇಕಡಾ 40 ಅಥವಾ ಹೆಚ್ಚಿನ ಅಂಗವೈಕಲ್ಯ ದಾಖಲಾಗಬೇಕು. ಪರೀಕ್ಷೆಯ ದಿನ ಆನ್ ಹೊತ್ತಿನಲ್ಲಿ ಮಾತ್ರ ಕಂಡು ‘ಚೆನ್ನಾಗಿದ್ದೀರಲ್ಲ’ ಎನಿಸಿಕೊಂಡು ಬರುವವರೇ ಹೆಚ್ಚು. ಆಫ್ ಹೊತ್ತಿನ ಒಂದೆರಡು ನಿಮಿಷದ ವಿಡಿಯೊ ಮತ್ತು ನರರೋಗ ತಜ್ಞರ ಪತ್ರ ಜೊತೆಗಿರಲಿ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರು ಚಿಕಿತ್ಸೆಯ ವೆಚ್ಚಕ್ಕೆ ಸಿಗುವ ವಿನಾಯಿತಿಯ ಬಗ್ಗೆ ಆಡಿಟರನ್ನು ಕೇಳಲಿ. ತಿಂಗಳ ಔಷಧಿ ಹೊರೆಯಾದವರು ಹತ್ತಿರದ ಜನೌಷಧಿ ಕೇಂದ್ರದಲ್ಲಿ ತಮ್ಮ ಮಾತ್ರೆ ಸಿಗುವುದೇ ಎಂದು ವಿಚಾರಿಸಿ, ಬದಲಿಸುವ ಮೊದಲು ವೈದ್ಯರಿಗೆ ತಿಳಿಸಲಿ.

ನಗರದಲ್ಲಿ ಪಾರ್ಕಿನ್ಸನ್ ಸೊಸೈಟಿ ಆಫ್ ಕರ್ನಾಟಕ ಇದೆ. ಮುಂಬೈಯಲ್ಲಿ 2001ರಲ್ಲಿ ಆರಂಭವಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ದೇಶದ ಹಲವೆಡೆ ಇಂಥ ಕೂಟಗಳನ್ನು ನಡೆಸುತ್ತದೆ. ನಾಲ್ಕಾರು ತಿಂಗಳು ನಡೆದ ಮೇಲೆ ಇಂಥ ಸಂಸ್ಥೆಗಳನ್ನು ಸಂಪರ್ಕಿಸಿದರೆ ತಜ್ಞರು, ಓದುವ ಸಾಮಗ್ರಿ ಸಿಗುವುದು ಸುಲಭ. ಏಪ್ರಿಲ್ 11, ಜೇಮ್ಸ್ ಪಾರ್ಕಿನ್ಸನ್ ಹುಟ್ಟಿದ ದಿನ, ವಿಶ್ವ ಪಾರ್ಕಿನ್ಸನ್ ದಿನ. ವೈದ್ಯರ ಉಪನ್ಯಾಸಕ್ಕೆ ಅದು ತಕ್ಕ ಸಂದರ್ಭ.

ಏಳನೆಯ ಹೆಜ್ಜೆ: ಬರದೇ ಹೋದವರನ್ನು ಹುಡುಕಿಕೊಂಡು ಹೋಗುವುದು

ಎರಡು ಬಾರಿ ಬಾರದವರ ಮನೆಗೆ ಯಾರಾದರೂ ಹೋಗಬೇಕು. ಬಿದ್ದು ಸೊಂಟ ಮುರಿದಿರಬಹುದು, ಕರೆತರುತ್ತಿದ್ದ ಮಗನ ಪಾಳಿ ಬದಲಾಗಿರಬಹುದು, ಅಥವಾ ಹಿಂದಿನ ಸಭೆಯಲ್ಲಿ ತಮಗಿಂತ ಹೆಚ್ಚು ಕುಗ್ಗಿದವರೊಬ್ಬರನ್ನು ಕಂಡು ‘ನನಗೂ ಹೀಗೇ ಆಗುತ್ತದೆ’ ಎಂದು ಹೆದರಿರಬಹುದು. ಮೂರನೆಯ ಕಾರಣವನ್ನು ಯಾರೂ ತಾವಾಗಿ ಹೇಳುವುದಿಲ್ಲ. ಕಾಯಿಲೆ ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ಸಾಗುತ್ತದೆಂದು ಅವರ ಮನೆಯ ಜಗಲಿಯಲ್ಲೇ ಕೂತು ಹೇಳಿ, ಸ್ವಲ್ಪ ದಿನ ಹೊಸಬರಿಗಷ್ಟೇ ಒಂದು ಸಣ್ಣ ಕೂಟವನ್ನು ಬೇರೆ ಮಾಡುವುದು ಒಳ್ಳೆಯದು. ಹಾಸಿಗೆ ಹಿಡಿದವರ ಮನೆಗೆ ಮೂರು ತಿಂಗಳಿಗೊಮ್ಮೆ ನಾಲ್ಕೈದು ಜನ ಹೋಗಿ ಅಲ್ಲೇ ಎರಡು ಪದ ಹಾಡಿ ಬನ್ನಿ. ಹೋಗುವ ಹೊತ್ತನ್ನು ಮಾತ್ರೆಯ ಸಮಯ ಕೇಳಿಯೇ ಗೊತ್ತುಮಾಡಿ.

ಬಳಗದ ಒಬ್ಬರು ತೀರಿಕೊಂಡ ಮೇಲೆ ಅವರನ್ನು ನೋಡಿಕೊಂಡವರ ಸಂಖ್ಯೆಯನ್ನು ವಾಟ್ಸಾಪ್ ಗುಂಪಿನಿಂದ ತೆಗೆದುಬಿಡಬೇಡಿ. ಹದಿಮೂರನೆಯ ದಿನ ಕಳೆದ ಮೇಲೆ ಎಂದಿನಂತೆ ಮುಂದಿನ ಸಭೆಯ ದಿನಾಂಕವನ್ನು ಅವರಿಗೂ ಕಳುಹಿಸಿ. ನಮ್ಮಲ್ಲಿ ಈಗ ಕುರ್ಚಿಗಳನ್ನು ಜೋಡಿಸಿ ಸೀಮೆಸುಣ್ಣದ ಗೆರೆ ಎಳೆಯುವವರು ಹಾಗೆ ಮರಳಿ ಬಂದವರೊಬ್ಬರು.